ಬಸುರಿನಲ್ಲಿ ಅಪೆಂಡಿಕ್ಸ್: ಕಾಯಬಹುದಾ, ಯಾವ ಸ್ಕ್ಯಾನ್, ಯಾವ ಆಪರೇಷನ್?

ಬಸುರಿಗೆ ಹೊಟ್ಟೆನೋವು ಅಂದ ಕೂಡಲೇ ಮನೆಯಲ್ಲಿ ಬರುವ ಮೊದಲ ಮಾತು ‘ಗ್ಯಾಸ್ ಇರಬೇಕು’. ಆಮೇಲಿನದು ‘ಮಗು ಬೆಳೀತಾ ಇದೆಯಲ್ಲ, ಎಳೆತ ಇದ್ದದ್ದೇ’. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಸಾವಿರ, ಸಾವಿರದೈನೂರು ಬಸುರಿಯರಲ್ಲಿ ಒಬ್ಬರಿಗೆ ಆ ನೋವು ಅಪೆಂಡಿಸೈಟಿಸ್, ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸ್ ಎಂಬ ಸಣ್ಣ ಕೊಳವೆ ಬಾತುಕೊಂಡದ್ದು, ಆಗಿರುತ್ತದೆ. ಹೆರಿಗೆಗೆ ಸಂಬಂಧಪಡದ ಕಾರಣಕ್ಕೆ ಗರ್ಭಿಣಿಯರಿಗೆ ಮಾಡುವ ತುರ್ತು ಆಪರೇಷನ್‌ಗಳಲ್ಲಿ ಮೊದಲ ಸ್ಥಾನ ಇದರದ್ದೇ.

ಡಾಕ್ಟರ್ ಬಾಯಲ್ಲಿ ಆ ಹೆಸರು ಬಂದ ಮೇಲೆ ಮನೆಯವರ ಪ್ರಶ್ನೆಗಳು ಶುರುವಾಗುತ್ತವೆ. ಬೆಳಗಾಗುವವರೆಗೆ ನೋಡೋಣವಾ? ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ತೊಂದರೆಯಾ? ಮಾತ್ರೆ, ಇಂಜೆಕ್ಷನ್‌ನಲ್ಲೇ ವಾಸಿಯಾಗಲ್ವಾ? ಆಪರೇಷನ್ ಆಗಲೇಬೇಕು ಅಂದರೆ ಹೊಟ್ಟೆ ಕೊಯ್ದು ಮಾಡುವುದು ಒಳ್ಳೆಯದೋ, ಸಣ್ಣ ತೂತುಗಳಲ್ಲಿ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೊಸ್ಕೋಪಿಯೋ? ಎಲ್ಲದರ ಹಿಂದೆ ಇರುವ ಭಯ ಒಂದೇ, ಮಗುವಿಗೆ ಏನಾದರೂ ಆದರೆ ಅನ್ನೋದು. ಆದರೆ ಆ ಭಯ ಬಹಳ ಸಲ ಅರಿವಳಿಕೆಯ ಮೇಲೆ, ಸ್ಕ್ಯಾನಿಂಗ್ ಮೇಲೆ, ಆಪರೇಷನ್ ಮೇಲೆ ಹೋಗಿ ಕೂರುತ್ತದೆ. ನಿಜಕ್ಕೂ ಹೆದರಬೇಕಾದ್ದು ಒಡೆದ ಅಪೆಂಡಿಕ್ಸ್‌ಗೆ. ಹಾಗಂತ ಸರಿಯಾಗಿ ನೋಡದೆ ಹೊಟ್ಟೆಗೆ ಕೈ ಹಾಕುವುದೂ ಸುಲಭದ ಮಾತಲ್ಲ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಆಯ್ಕೆಗಳು ತಾವಾಗಿಯೇ ಸ್ಪಷ್ಟವಾಗುತ್ತಾ ಹೋಗುತ್ತವೆ.

ಅಪಾಯ ಎಲ್ಲಿ ಜಾಸ್ತಿ?

ಅಮೆರಿಕದ ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಪೆಂಡಿಕ್ಸ್ ಆಪರೇಷನ್ ಆದ 3,133 ಗರ್ಭಿಣಿಯರ ಲೆಕ್ಕ ಅದು. ಅಪೆಂಡಿಕ್ಸ್ ಬಾತುಕೊಂಡಿತ್ತು, ಆದರೆ ಒಡೆದಿರಲಿಲ್ಲ ಎನ್ನುವವರಲ್ಲಿ ಮಗು ಕಳೆದುಕೊಂಡವರು ನೂರಕ್ಕೆ 2. ಒಡೆದು ಕೀವು ಹರಡಿದಂಥ ಕೇಸುಗಳಲ್ಲಿ ನೂರಕ್ಕೆ 6. ಅವಧಿಗೆ ಮುಂಚೆ ಹೆರಿಗೆಯಾದ ಲೆಕ್ಕ ತೆಗೆದರೆ ಮೊದಲಿನವರಲ್ಲಿ ನೂರಕ್ಕೆ 4, ಒಡೆದವರಲ್ಲಿ 11. ಇದು ಆಸ್ಪತ್ರೆಯಲ್ಲಿದ್ದಷ್ಟು ದಿನದ ಲೆಕ್ಕ ಮಾತ್ರ. ಮನೆಗೆ ಹೋದ ಮೇಲೆ ಆದದ್ದು ಇದರಲ್ಲಿ ಸೇರಿಲ್ಲ. ಹಳೆಯ ವೈದ್ಯಕೀಯ ಪುಸ್ತಕಗಳು ಅಪೆಂಡಿಕ್ಸ್ ಒಡೆದಾಗ ಮಗು ಉಳಿಯದಿರುವ ಸಾಧ್ಯತೆ ನೂರಕ್ಕೆ 20ಕ್ಕಿಂತ ಜಾಸ್ತಿ ಎಂದೇ ಹೇಳುತ್ತಿದ್ದವು.

ಈ ಅಧ್ಯಯನದಲ್ಲಿ ಮೂರನೇ ಗುಂಪೊಂದಿದೆ. ಅದರ ಬಗ್ಗೆ ಮಾತಾಡುವವರು ಕಡಿಮೆ. ಆಪರೇಷನ್ ಮಾಡಿ ನೋಡಿದರೆ ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತು ಎನ್ನುವವರು ಇವರು. ಇವರಲ್ಲಿ ಮಗು ಕಳೆದುಕೊಂಡವರು ನೂರಕ್ಕೆ 4, ಬೇಗ ಹೆರಿಗೆಯಾದವರು 10. ಅಂದರೆ ನಿಜವಾದ ಅಪೆಂಡಿಸೈಟಿಸ್ ಇದ್ದು ಬೇಗ ಆಪರೇಷನ್ ಆದವರಿಗಿಂತ ಜಾಸ್ತಿ! ಇದಕ್ಕೆಲ್ಲ ಆಪರೇಷನ್ ಒಂದೇ ಕಾರಣ ಅಂತ ಹೇಳಲು ಬರುವುದಿಲ್ಲ. ನೋವಿಗೆ ಕಾರಣವಾಗಿದ್ದ ಬೇರೆ ಯಾವುದೋ ತೊಂದರೆ ಒಳಗೇ ಉಳಿದಿದ್ದೂ ಇರಬಹುದು. ಆದರೂ ‘ಯಾವುದಕ್ಕೂ ಇರಲಿ, ತೆಗೆದುಬಿಡೋಣ’ ಎನ್ನುವುದು ಬಸುರಿನಲ್ಲಿ ಅಷ್ಟು ಹಗುರವಾಗಿ ಆಡುವ ಮಾತಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಅದಕ್ಕೇ ಸ್ಕ್ಯಾನ್ ಬೇಕು. ಬೇಗ ಬೇಕು.

ಮನೆಯಲ್ಲಿ ಕಾಯುವುದೋ, ಆಸ್ಪತ್ರೆಗೆ ಹೋಗಿ ಕಾಯುವುದೋ?

ಅಪೆಂಡಿಸೈಟಿಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ, ಕೆಲವು ಗಂಟೆಯಲ್ಲಿ ಹೊಟ್ಟೆಯ ಬಲಭಾಗದ ಕೆಳಗೆ ಬಂದು ನಿಲ್ಲುತ್ತದೆ. ಊಟ ಬೇಡ ಅನ್ನಿಸುತ್ತದೆ. ವಾಕರಿಕೆ, ವಾಂತಿ, ಆಮೇಲೆ ಸಣ್ಣಗೆ ಜ್ವರ. ಕೆಮ್ಮಿದರೆ, ನಡೆದರೆ, ಆಟೋ ಹಂಪ್ ಹತ್ತಿ ಇಳಿದರೆ ನೋವು ಚುಚ್ಚುತ್ತದೆ. ಗ್ಯಾಸಿನ ನೋವು ಬಂದು ಹೋಗುತ್ತದೆ, ಜಾಗ ಬದಲಿಸುತ್ತದೆ. ಇದು ಹಾಗಲ್ಲ, ಕೂತಲ್ಲೇ ಕೂತು ಏರುತ್ತಾ ಹೋಗುತ್ತದೆ.

ಬಸುರಿನಲ್ಲಿ ಇಷ್ಟು ನಿಚ್ಚಳವಾಗಿ ಗೊತ್ತಾಗದಿರುವುದೇ ಕಷ್ಟ. ಮೊದಲ ತಿಂಗಳುಗಳಲ್ಲಿ ವಾಂತಿ ಹೇಗೂ ಇರುತ್ತದೆ. ಗರ್ಭಕೋಶ ದೊಡ್ಡದಾದಂತೆ ಹೊಟ್ಟೆಯ ಗೋಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುತ್ತದೆ. ಹಾಗಾಗಿ ಕೈಯಿಂದ ಒತ್ತಿ ನೋಡಿದಾಗ ಹೊಟ್ಟೆ ಬಿಗಿಯುವ ಲಕ್ಷಣ ಸರಿಯಾಗಿ ಸಿಗುವುದಿಲ್ಲ. ಅಪೆಂಡಿಕ್ಸ್ ಜಾಗವೂ ಸ್ವಲ್ಪ ಮೇಲಕ್ಕೆ ಸರಿಯಬಹುದು. ಆದರೂ ಎಷ್ಟನೇ ತಿಂಗಳೇ ಆಗಿರಲಿ, ಹೆಚ್ಚಿನವರಿಗೆ ನೋವು ಬರುವುದು ಬಲಗಡೆ ಕೆಳಗೇ. ರಕ್ತ ಪರೀಕ್ಷೆಯೂ ಇಲ್ಲಿ ಅರ್ಧ ಸಾಕ್ಷಿ. ಬಿಳಿ ರಕ್ತಕಣ ಮಾಮೂಲಿ ಜನರಲ್ಲಿ 11,000 ದಾಟಿದರೆ ಜಾಸ್ತಿ ಅನ್ನುತ್ತಾರೆ. ಬಸುರಿಯರಲ್ಲಿ 16,000ದವರೆಗೆ ಹೋಗುವುದು ಏನೂ ಕಾಯಿಲೆ ಇಲ್ಲದೆಯೂ ಉಂಟು. ಹಾಗಾಗಿ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬಂದಿದೆ ಅಂತ ಗಾಬರಿಯಾಗಬೇಕಿಲ್ಲ. ನಾರ್ಮಲ್ ಬಂದಿದೆ ಅಂತ ನಿಶ್ಚಿಂತೆಯಿಂದ ಮನೆಗೆ ಹೊರಡಲೂ ಆಗದು.

ಇದರ ಜೊತೆ, ಅದೇ ಜಾಗದಲ್ಲಿ ನೋಯುವ ಕಾರಣಗಳು ಬೇಕಾದಷ್ಟಿವೆ. ಗರ್ಭಕೋಶದ ತಂತುಗಳ ಎಳೆತ, ಮೂತ್ರದ ಸೋಂಕು, ಕಿಡ್ನಿ ಕಲ್ಲು, ಅಂಡಾಶಯ ತಿರುಚಿಕೊಳ್ಳುವುದು, ಮೊದಲ ತಿಂಗಳುಗಳಲ್ಲಾದರೆ ಟ್ಯೂಬಿನಲ್ಲಿ ನಿಂತ ಗರ್ಭ. ಕೊನೆಯ ತಿಂಗಳುಗಳಲ್ಲಾದರೆ ಕಸ ಅಂದರೆ ಮಾಸು ಬೇಗ ಬಿಡಿಸಿಕೊಳ್ಳುವುದು, ಹೆರಿಗೆ ನೋವೇ ಶುರುವಾಗಿರುವುದು. ಇವುಗಳಲ್ಲಿ ಅರ್ಧದಷ್ಟು ಮನೆಯಲ್ಲಿ ಕೂತು ಕಾಯುವಂಥವಲ್ಲ. ಕಾಯುವುದೇ ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಯಬೇಕು. ಅಲ್ಲಿ ಕೆಲವು ಗಂಟೆಗೊಮ್ಮೆ ಅದೇ ಡಾಕ್ಟರ್ ಬಂದು ಹೊಟ್ಟೆ ಒತ್ತಿ ನೋಡುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಾರೆ. ಅದು ಕೂಡ ಚಿಕಿತ್ಸೆಯೇ. ಮನೆಯಲ್ಲಿ ಓಮದ ನೀರು ಕುಡಿಸಿ ಬೆಳಗಾಗಲಿ ಅನ್ನುವುದು ಬೇರೆ ಥರದ ಕಾಯುವಿಕೆ. ಬಸುರಿನಲ್ಲಿ ಅಪೆಂಡಿಸೈಟಿಸ್‌ನಿಂದ ಆಗುವ ಸಾವು ಅಂದರೆ ತಡ ಮಾಡಿದ್ದರಿಂದ ಆಗುವ ಸಾವು ಎಂದು ಬ್ಯಾಬ್ಲರ್ ಎಂಬ ಡಾಕ್ಟರ್ 1908ರಲ್ಲೇ ಬರೆದಿದ್ದರು. ಆಗ ಆಂಟಿಬಯೋಟಿಕ್ ಇರಲಿಲ್ಲ, ಸ್ಕ್ಯಾನ್ ಇರಲಿಲ್ಲ. ಇವತ್ತು ಎಲ್ಲ ಇದ್ದರೂ ಆ ಮಾತು ಹಳತಾಗಿಲ್ಲ.

ನಮ್ಮ ಕಡೆ ಇನ್ನೊಂದು ಅಭ್ಯಾಸವಿದೆ, ಹೇಳಲೇಬೇಕು. ಹೊಟ್ಟೆನೋವಿಗೆ ಹರಳೆಣ್ಣೆ ಕುಡಿಸುವುದು, ಎನಿಮಾ ಕೊಡಿಸುವುದು. ಅಪೆಂಡಿಸೈಟಿಸ್ ಇದ್ದಾಗ ಇದು ಅಪಾಯ. ಬಸುರಿಗಂತೂ ಹರಳೆಣ್ಣೆ ಬೇಡವೇ ಬೇಡ. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದೂ ಬೇಡ. ಪ್ಯಾರಸಿಟಮಾಲ್ ಆದೀತು. ಆಸ್ಪತ್ರೆಗೆ ಹೊರಟ ಮೇಲೆ ಊಟ, ತಿಂಡಿ ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕಾಗುತ್ತದೆ.

ಹತ್ತಿರದ ನರ್ಸಿಂಗ್ ಹೋಂ, ದೂರದ ದೊಡ್ಡಾಸ್ಪತ್ರೆ

ಚೆಕಪ್‌ಗೆ ಹೋಗುತ್ತಿದ್ದ ನರ್ಸಿಂಗ್ ಹೋಂ ಹತ್ತಿರ ಇರುತ್ತದೆ, ಡಾಕ್ಟರ್ ಗುರುತಿನವರು. ಮೊದಲು ಅವರಿಗೆ ಫೋನ್ ಮಾಡುವುದು ಸರಿ. ಆದರೆ ಈ ಕಾಯಿಲೆಗೆ ಹೆರಿಗೆ ಡಾಕ್ಟರ್ ಒಬ್ಬರೇ ಸಾಲದು. ಸರ್ಜನ್, ಅರಿವಳಿಕೆ ಡಾಕ್ಟರ್, ರಾತ್ರಿಯೂ ಸ್ಕ್ಯಾನ್ ಮಾಡುವವರು ಬೇಕು. ಆರನೇ ತಿಂಗಳು ದಾಟಿದ್ದರೆ ನವಜಾತ ಶಿಶುಗಳ ಐಸಿಯು ಕೂಡ ಅಲ್ಲೇ ಇದ್ದರೆ ಒಳ್ಳೆಯದು. ಮಗು ಬೇಗ ಹುಟ್ಟಿಬಿಟ್ಟರೆ ಆಮೇಲೆ ಅದನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ, ಮೊದಲೇ ತಾಯಿಯನ್ನು ಸಾಗಿಸುವುದು ಎಷ್ಟೋ ಮೇಲು. ಫೋನಿನಲ್ಲೇ ಈ ನಾಲ್ಕನ್ನೂ ಕೇಳಿಬಿಡಿ. ಇಲ್ಲ ಅಂದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಡೆ ಹೊರಡುವುದೇ ಸಮಯ ಉಳಿಸುತ್ತದೆ. 108 ಇದಕ್ಕೂ ಬರುತ್ತದೆ. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ನಮ್ಮಲ್ಲಿ ಗರ್ಭಿಣಿಗೆ ಅಲ್ಟ್ರಾಸೌಂಡ್ ಮಾಡುವಾಗ ಲಿಂಗಪತ್ತೆ ತಡೆ ಕಾಯ್ದೆಯ ಪ್ರಕಾರ ಫಾರಂ ಎಫ್ ತುಂಬಿಸುತ್ತಾರೆ. ತುರ್ತಿನಲ್ಲಿ ಗುರುತಿನ ಚೀಟಿಗೆ ಓಡಾಡುವುದು ತಪ್ಪುತ್ತದೆ.

ಅಲ್ಟ್ರಾಸೌಂಡ್, ಎಂಆರ್‌ಐ, ಸಿಟಿ

ಶುರು ಮಾಡುವುದು ಅಲ್ಟ್ರಾಸೌಂಡಿನಿಂದಲೇ. ವಿಕಿರಣ ಇಲ್ಲ, ಎಲ್ಲ ಕಡೆ ಸಿಗುತ್ತದೆ, ಮಗುವನ್ನೂ ಅದೇ ಕೈಯಲ್ಲಿ ನೋಡಬಹುದು. ಡಾಕ್ಟರ್ ‘ಎಲ್ಲಿ ಜಾಸ್ತಿ ನೋವು, ಒಂದೇ ಬೆರಳಲ್ಲಿ ತೋರಿಸಿ’ ಅನ್ನುತ್ತಾರೆ. ಆ ಜಾಗದಲ್ಲಿ ಪ್ರೋಬ್ ಇಟ್ಟು ನಿಧಾನವಾಗಿ ಒತ್ತುತ್ತಾ ಹೋಗುತ್ತಾರೆ. ಒತ್ತಿದಾಗ ಕರುಳು ಪಕ್ಕಕ್ಕೆ ಸರಿಯುತ್ತದೆ, ಚೆನ್ನಾಗಿರುವ ಅಪೆಂಡಿಕ್ಸ್ ಚಪ್ಪಟೆಯಾಗುತ್ತದೆ. ಬಾತುಕೊಂಡದ್ದು ಆಗುವುದಿಲ್ಲ. ಕೊಳವೆ ಥರ ಹಾಗೇ ನಿಂತಿರುತ್ತದೆ, ಅಗಲ 6 ಮಿಲಿಮೀಟರ್ ದಾಟಿರುತ್ತದೆ. ಹೊಟ್ಟೆ ದೊಡ್ಡದಾಗಿದ್ದರೆ ಎಡಮಗ್ಗುಲಿಗೆ ತಿರುಗಿ ಮಲಗಲು ಹೇಳುತ್ತಾರೆ. ಗರ್ಭಕೋಶ ಆಚೆ ವಾಲಿದರೆ ಬಲಗಡೆ ಸ್ವಲ್ಪ ಜಾಗ ತೆರೆದುಕೊಳ್ಳುತ್ತದೆ.

ಇಷ್ಟು ಮಾಡಿದರೂ ಬಸುರಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಅಪೆಂಡಿಕ್ಸ್ ಕಾಣದೇ ಹೋಗುವುದು ಬಹಳ ಮಾಮೂಲು. ಇಲ್ಲೇ ಜನ ಎಡವುವುದು. ರಿಪೋರ್ಟಿನಲ್ಲಿ ‘ಅಪೆಂಡಿಕ್ಸ್ ಕಾಣಲಿಲ್ಲ’ ಅಂತ ಬರೆದಿದ್ದರೆ ‘ಅಪೆಂಡಿಸೈಟಿಸ್ ಇಲ್ಲ’ ಅಂತ ಓದಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಅದರ ಅರ್ಥ ಇನ್ನೂ ಗೊತ್ತಾಗಿಲ್ಲ ಅಂತ ಮಾತ್ರ. ನೋವು ಹಾಗೇ ಇದ್ದರೆ ಮುಂದಿನ ಪರೀಕ್ಷೆ ಏನು ಅಂತ ಅಲ್ಲೇ ಕೇಳಬೇಕು.

ಆ ಮುಂದಿನ ಪರೀಕ್ಷೆ ಎಂಆರ್‌ಐ. ಕೈಗೆಟುಕುವ ದೂರದಲ್ಲಿ ಇದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ಇನ್ನೊಂದಿಲ್ಲ. ಇದರಲ್ಲೂ ಎಕ್ಸ್‌ರೇ ಇಲ್ಲ, ಅಯಸ್ಕಾಂತ ಮಾತ್ರ. ಗ್ಯಾಡೊಲಿನಿಯಮ್ ಎಂಬ ಕಾಂಟ್ರಾಸ್ಟ್ ಇಂಜೆಕ್ಷನ್ ಗರ್ಭಿಣಿಗೆ ಕೊಡುವುದಿಲ್ಲ, ಅಪೆಂಡಿಕ್ಸ್ ನೋಡಲು ಅದು ಬೇಕೂ ಇಲ್ಲ. ರೋಗ ಇದ್ದರೆ ನೂರಕ್ಕೆ 90ಕ್ಕಿಂತ ಜಾಸ್ತಿ ಸಲ ಹಿಡಿಯುತ್ತದೆ. ಇಲ್ಲದಿದ್ದಾಗ ಇದೆ ಅಂತ ತಪ್ಪಾಗಿ ಹೇಳುವುದು ಇನ್ನೂ ಕಡಿಮೆ. ಬೇಡದ ಆಪರೇಷನ್ ತಪ್ಪಿಸುವುದಕ್ಕೆ ಇದು ತುಂಬಾ ಸಹಾಯ. ಕಷ್ಟ ಇರುವುದು ಬೇರೆ ಕಡೆ. ಖರ್ಚು ಜಾಸ್ತಿ, ತಾಲ್ಲೂಕು ಮಟ್ಟದಲ್ಲಿ ಸಿಗುವುದಿಲ್ಲ, ರಾತ್ರಿ ಹೊತ್ತು ನೋಡಿ ಹೇಳುವವರು ಇರಬೇಕು. ಮೆಷಿನ್ ಒಳಗೆ ಜೋರು ಸದ್ದು, ಅಲ್ಲಾಡದೆ ಮಲಗಬೇಕು. ಬೆನ್ನ ಮೇಲೆ ಮಲಗಿ ತಲೆಸುತ್ತು ಬಂದರೆ ಹೇಳಿ, ಓರೆಯಾಗಿ ಮಲಗಿಸುತ್ತಾರೆ.

ಸಿಟಿ ಸ್ಕ್ಯಾನ್ ಹೆಸರು ಕೇಳಿದರೆ ಮನೆಯವರು ಬೆಚ್ಚುತ್ತಾರೆ. ಎಕ್ಸ್‌ರೇ ವಿಕಿರಣ ಇರುವುದು ನಿಜ. ಹೊಟ್ಟೆಯ ಸಿಟಿಯೊಂದರಲ್ಲಿ ಮಗುವಿಗೆ ತಗುಲುವುದು ಸುಮಾರು 10ರಿಂದ 25 ಮಿಲಿಗ್ರೇ (ವಿಕಿರಣ ಅಳೆಯುವ ಮಾನ). ಅಂಗವೈಕಲ್ಯ, ಗರ್ಭಪಾತದಂಥ ತೊಂದರೆಗಳು 50 ಮಿಲಿಗ್ರೇಗಿಂತ ಕೆಳಗೆ ಕಂಡುಬಂದಿಲ್ಲ. ಮುಂದೆ ಮಗುವಿಗೆ ಕ್ಯಾನ್ಸರ್ ಬರುವ ಸಾಧ್ಯತೆ ಚೂರು ಹೆಚ್ಚಬಹುದು, ಅದೂ ತುಂಬಾ ಸಣ್ಣದು. ಹಾಗಾಗಿ ಎಂಆರ್‌ಐ ಸಿಗುವುದಿದ್ದರೆ ಸಿಟಿ ಬೇಡ. ಅದು ಸಿಗುವುದೇ ಇಲ್ಲ, ತಾಯಿಯ ಸ್ಥಿತಿ ಕೆಡುತ್ತಿದೆ, ಅಲ್ಟ್ರಾಸೌಂಡಿನಲ್ಲಿ ಏನೂ ಗೊತ್ತಾಗಿಲ್ಲ ಅಂದಾಗ ಡಾಕ್ಟರ್ ಸಿಟಿ ಬೇಕು ಅಂದರೆ ತಡೆಯಬೇಡಿ. ಬಸುರಿ ಅಂತ ಗೊತ್ತಾಗುವ ಮೊದಲು ಒಂದು ಸಿಟಿ ಆಗಿಹೋಗಿದ್ದರೆ, ಅದೊಂದೇ ಕಾರಣಕ್ಕೆ ಗರ್ಭ ತೆಗೆಸುವ ಯೋಚನೆಯಂತೂ ಬೇಡ.

ಬರೀ ಆಂಟಿಬಯೋಟಿಕ್ ಸಾಕಾ?

‘ಈಗ ಅಪೆಂಡಿಕ್ಸ್‌ಗೆ ಆಪರೇಷನ್ನೇ ಬೇಡವಂತೆ, ಮಾತ್ರೆಯಲ್ಲೇ ವಾಸಿಯಾಗುತ್ತಂತೆ’ ಎಂಬ ಮಾತು ಇತ್ತೀಚೆಗೆ ಜಾಸ್ತಿ ಕೇಳಿಬರುತ್ತದೆ. ಅದಕ್ಕೆ ಆಧಾರ ಇಲ್ಲದಿಲ್ಲ. 2020ರಲ್ಲಿ ಪ್ರಕಟವಾದ ಕೋಡಾ ಎಂಬ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಆಂಟಿಬಯೋಟಿಕ್ ಮಾತ್ರ ಪಡೆದ ಹತ್ತರಲ್ಲಿ ಏಳು ಜನ 90 ದಿನ ಆಪರೇಷನ್ ಇಲ್ಲದೆ ಇದ್ದರು. ಉಳಿದ ಮೂರು ಜನಕ್ಕೆ ಅಷ್ಟರೊಳಗೇ ಆಪರೇಷನ್ ಬೇಕಾಯಿತು. ಅಪೆಂಡಿಕ್ಸ್ ಒಳಗೆ ಗಟ್ಟಿ ಮಲದ ಹರಳು ಇದ್ದವರಲ್ಲಿ ಇನ್ನೂ ಜಾಸ್ತಿ. ಫಿನ್ಲೆಂಡಿನ ಇನ್ನೊಂದು ಪ್ರಯೋಗದಲ್ಲಿ ಐದು ವರ್ಷದೊಳಗೆ ನೂರಕ್ಕೆ 39 ಜನರಿಗೆ ಮತ್ತೆ ಬಂತು.

ಈ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯ ವಿಷಯ ಇದು. ಐದನೇ ತಿಂಗಳಲ್ಲಿ ಮಾತ್ರೆಯಿಂದ ತಣ್ಣಗಾದ ಅಪೆಂಡಿಕ್ಸ್ ಎಂಟನೇ ತಿಂಗಳಲ್ಲಿ ತಿರುಗಿ ಬಂದರೆ? ಆಗ ಕಂಡುಹಿಡಿಯುವುದೂ ಕಷ್ಟ, ಆಪರೇಷನ್ನೂ ಕಷ್ಟ, ಮಗು ಬೇಗ ಹುಟ್ಟುವ ಭಯ ಬೇರೆ. ಮಾಮೂಲಿ ವ್ಯಕ್ತಿ ‘ಬಂದರೆ ನೋಡೋಣ’ ಅನ್ನಬಹುದು. ಬಸುರಿ ಅನ್ನುವಂತಿಲ್ಲ. ಜಗತ್ತಿನ ತುರ್ತು ಸರ್ಜನ್‌ಗಳ ಸಂಘ 2020ರ ತನ್ನ ಮಾರ್ಗಸೂಚಿಯಲ್ಲಿ, ಇನ್ನೂ ಗಟ್ಟಿ ಆಧಾರ ಸಿಗುವವರೆಗೆ ಗರ್ಭಿಣಿಯರಿಗೆ ಬರೀ ಔಷಧದ ದಾರಿ ಬೇಡ ಎಂದೇ ಹೇಳಿದೆ. ನನ್ನ ಅಭಿಪ್ರಾಯವೂ ಅದೇ.

ಆಂಟಿಬಯೋಟಿಕ್ ಬೇಡವೇ ಬೇಡ ಅಂತ ಅಲ್ಲ. ಆಪರೇಷನ್‌ಗೆ ಮುಂಚೆ ಕೊಟ್ಟೇ ಕೊಡುತ್ತಾರೆ. ಬೇರೆ ಊರಿಗೆ ಸಾಗಿಸಬೇಕಾದರೆ ಮೊದಲ ಡೋಸ್ ಕೊಟ್ಟು ಕಳಿಸುತ್ತಾರೆ. ಕೆಲವು ದಿನ ಹಳೆಯದಾಗಿ ಕೀವುಗಡ್ಡೆ ಕಟ್ಟಿದ್ದರೆ ತಕ್ಷಣ ಕೊಯ್ಯದೆ ಔಷಧದಲ್ಲೇ ಮೊದಲು ಹತೋಟಿಗೆ ತರುವುದೂ ಉಂಟು. ಅದು ಸರ್ಜನ್ ನೋಡಿ ಹೇಳಬೇಕಾದ್ದು. ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್ ಥರದವು ಬಸುರಿನಲ್ಲಿ ಬಳಕೆಯಲ್ಲಿವೆ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಕೊಡುವುದಿಲ್ಲ.

ಲ್ಯಾಪ್ರೊಸ್ಕೋಪಿಯೋ, ಓಪನ್ ಆಪರೇಷನ್ನೋ?

ಇಲ್ಲಿ ಎರಡೂ ಕಡೆ ತೂಕ ಇದೆ. ಲ್ಯಾಪ್ರೊಸ್ಕೋಪಿಯಲ್ಲಿ ಗಾಯ ಸಣ್ಣದು, ನೋವು ಕಡಿಮೆ, ಗಾಯಕ್ಕೆ ಕೀವಾಗುವುದು ಕಡಿಮೆ, ಬೇಗ ಎದ್ದು ಓಡಾಡಬಹುದು. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುವುದರಿಂದ ಬೇಗ ಓಡಾಡುವುದು ದೊಡ್ಡ ಲಾಭ. ಇನ್ನೊಂದು ಅನುಕೂಲ ಇದೆ. ಅಪೆಂಡಿಕ್ಸ್ ಚೆನ್ನಾಗಿದ್ದರೆ ಅದೇ ಕ್ಯಾಮೆರಾದಲ್ಲಿ ಅಂಡಾಶಯ, ಕರುಳು ಎಲ್ಲ ನೋಡಿ ನಿಜವಾದ ಕಾರಣ ಹುಡುಕಬಹುದು. ಓಪನ್‌ನಲ್ಲಿ ಸಣ್ಣ ಗಾಯದಿಂದ ಅಷ್ಟು ನೋಡಲಾಗದು.

ಓಪನ್ ಆಪರೇಷನ್ನಿನ ಬಲವೂ ಸಣ್ಣದಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದು, ತಾಯಿಗೆ ಪೂರ್ತಿ ಎಚ್ಚರ ತಪ್ಪಿಸಬೇಕಿಲ್ಲ. ಲ್ಯಾಪ್ರೊಸ್ಕೋಪಿಗೆ ಸಾಮಾನ್ಯವಾಗಿ ಜನರಲ್ ಅನಸ್ತೇಷಿಯಾ ಬೇಕು. ಓಪನ್ ಮಾಡಲು ಹೊಟ್ಟೆಗೆ ಗಾಳಿ ತುಂಬುವುದಿಲ್ಲ, ವಿಶೇಷ ಮೆಷಿನ್ ಬೇಕಿಲ್ಲ, ಯಾವ ಜಿಲ್ಲಾಸ್ಪತ್ರೆಯಲ್ಲೂ ಆಗುತ್ತದೆ. ಒಂಬತ್ತನೇ ತಿಂಗಳಲ್ಲಿ ಗರ್ಭಕೋಶ ಹೊಟ್ಟೆ ತುಂಬಾ ಇರುವಾಗ ಕ್ಯಾಮೆರಾ ಹಾಕಲು ಜಾಗವೇ ಇರದೆ ಸರ್ಜನ್ ಓಪನ್ ಅನ್ನೇ ಆರಿಸುವುದು ಸಹಜ.

ಮಗುವಿನ ವಿಷಯಕ್ಕೆ ಬಂದರೆ, 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಲ್ಯಾಪ್ರೊಸ್ಕೋಪಿಯಲ್ಲಿ ಮಗು ಕಳೆದುಕೊಳ್ಳುವ ಸಾಧ್ಯತೆ ಓಪನ್‌ಗಿಂತ ಸುಮಾರು ಎರಡು ಪಟ್ಟು ಎಂದಿದ್ದರು. ಅದನ್ನು ಓದಿ ಎಷ್ಟೋ ಡಾಕ್ಟರ್‌ಗಳು ಹಿಂಜರಿದರು. ಆದರೆ ಆ ಲೆಕ್ಕದ ದೊಡ್ಡ ಪಾಲು ಮೇಲೆ ಹೇಳಿದ ಕ್ಯಾಲಿಫೋರ್ನಿಯಾದ ಹಳೆಯ ದಾಖಲೆಗಳದ್ದು. ಅದನ್ನು ಬಿಟ್ಟು ಹೊಸ ಅಧ್ಯಯನಗಳನ್ನು ನೋಡಿದಾಗ ಅಂಥ ವ್ಯತ್ಯಾಸ ಸಿಗಲಿಲ್ಲ. ಲ್ಯಾಪ್ರೊಸ್ಕೋಪಿ ಸರ್ಜನ್‌ಗಳ ಅಮೆರಿಕದ ಸಂಘ ಈಗ ಯಾವ ತಿಂಗಳಲ್ಲಾದರೂ ಇದನ್ನು ಮಾಡಬಹುದು ಅನ್ನುತ್ತದೆ.

ಹಾಗಾದರೆ ಯಾವುದು? ಏಳನೇ ತಿಂಗಳೊಳಗೆ, ಗರ್ಭಿಣಿಯರಿಗೆ ಲ್ಯಾಪ್ರೊಸ್ಕೋಪಿ ಮಾಡಿ ರೂಢಿ ಇರುವ ಸರ್ಜನ್ ಸಿಕ್ಕಿದರೆ ಅದೇ ಒಳ್ಳೆಯದು. ಅಂಥವರು ಸಿಗಲು ಇನ್ನೊಂದು ದಿನ ಕಾಯಬೇಕು ಅಂತಾದರೆ ಇವತ್ತೇ ಆಗುವ ಓಪನ್ ಆಪರೇಷನ್ ಮೇಲು. ವಿಧಾನಕ್ಕಿಂತ ಸಮಯ ದೊಡ್ಡದು. ಬೇಕಾದ ಆಪರೇಷನ್ನನ್ನು ಬಸುರಿ ಅನ್ನುವ ಕಾರಣಕ್ಕೆ ಯಾವ ತಿಂಗಳಲ್ಲೂ ಮುಂದೂಡಬಾರದು ಎನ್ನುವುದರಲ್ಲಿ ಹೆರಿಗೆ ತಜ್ಞರ ಸಂಘಗಳಿಗೂ ಎರಡು ಮಾತಿಲ್ಲ.

ಥಿಯೇಟರ್ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಸಹಿ ಹಾಕುವ ಕೈ ಅಷ್ಟು ನಡುಗುವುದಿಲ್ಲ. ಐದು ತಿಂಗಳು ದಾಟಿದ್ದರೆ ಟೇಬಲನ್ನು ಎಡಕ್ಕೆ ಸ್ವಲ್ಪ ವಾಲಿಸುತ್ತಾರೆ, ಇಲ್ಲವೇ ಬಲ ಸೊಂಟದ ಕೆಳಗೆ ದಿಂಬು ಕೊಡುತ್ತಾರೆ. ಗರ್ಭಕೋಶದ ಭಾರ ಬೆನ್ನಿನ ಪಕ್ಕದ ದೊಡ್ಡ ರಕ್ತನಾಳವನ್ನು ಅದುಮಿದರೆ ತಾಯಿಯ ಬಿಪಿ ಇಳಿದು ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ಅದಕ್ಕೆ. ಲ್ಯಾಪ್ರೊಸ್ಕೋಪಿಯಾದರೆ, ಮೊದಲ ತೂತು ಮಾಡುವ ಜಾಗವನ್ನು ಗರ್ಭಕೋಶ ಎಲ್ಲಿಯವರೆಗೆ ಬಂದಿದೆ ಅಂತ ಕೈಯಲ್ಲಿ ಮುಟ್ಟಿ ಅದಕ್ಕಿಂತ ಮೇಲೆ ಆರಿಸುತ್ತಾರೆ. ತುಂಬುವ ಗಾಳಿಯ ಒತ್ತಡ 10ರಿಂದ 15 ಮಿಲಿಮೀಟರ್ ಪಾದರಸ ದಾಟದಂತೆ ನೋಡಿಕೊಳ್ಳುತ್ತಾರೆ. ಆಪರೇಷನ್ನಿಗೆ ಮುಂಚೆ, ಆದ ಮೇಲೆ ಮಗುವಿನ ಎದೆಬಡಿತ ನೋಡುತ್ತಾರೆ. ಈಗ ಬಳಸುವ ಅರಿವಳಿಕೆ ಔಷಧಗಳು ಮಾಮೂಲಿ ಪ್ರಮಾಣದಲ್ಲಿ ಮನುಷ್ಯರಲ್ಲಿ ಮಗುವಿಗೆ ಅಂಗವೈಕಲ್ಯ ತಂದದ್ದು ಕಂಡುಬಂದಿಲ್ಲ.

ಆಪರೇಷನ್ ಆದ ಮೇಲೆ

ಹೊಟ್ಟೆ ಬಿಗಿಯುವುದು, ಸಣ್ಣ ನೋವು ಬಂದು ಹೋಗುವುದು ಮೊದಲ ದಿನಗಳಲ್ಲಿ ಉಂಟು. ಅದನ್ನು ತಡೆಯುವ ಔಷಧವನ್ನು ಎಲ್ಲರಿಗೂ ಮುಂಚಿತವಾಗಿ ಕೊಡುವುದರಿಂದ ಲಾಭ ಕಂಡುಬಂದಿಲ್ಲ. ಹೆರಿಗೆ ನೋವು ನಿಜವಾಗಿ ಶುರುವಾದರೆ ಕೊಡುತ್ತಾರೆ. 24ರಿಂದ 34 ವಾರದೊಳಗೆ ಬೇಗ ಹೆರಿಗೆಯಾಗುವ ಲಕ್ಷಣ ಕಂಡರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಹೆದರಬೇಡಿ. ರಕ್ತ ಕಂಡರೆ, ನೀರು ಹೋದರೆ, ಮಗು ಅಲ್ಲಾಡುವುದು ಕಡಿಮೆ ಅನ್ನಿಸಿದರೆ, ಜ್ವರ ಮತ್ತೆ ಬಂದರೆ ಚೆಕಪ್ ದಿನಕ್ಕೆ ಕಾಯದೆ ಹೊರಡಿ.

‘ಅಪೆಂಡಿಕ್ಸ್ ಆಗಿದೆ, ಇನ್ನು ಸಿಸೇರಿಯನ್ನೇ’ ಅಂತ ಹೇಳುವವರು ಸಿಗುತ್ತಾರೆ. ಅಂಥ ನಿಯಮ ಇಲ್ಲ. ಗಾಯ ಇನ್ನೂ ಹಸಿಯಾಗಿರುವಾಗ ನೋವು ಬಂದರೂ ನಾರ್ಮಲ್ ಹೆರಿಗೆ ಆಗಬಹುದು. ಸಿಸೇರಿಯನ್ ಮಾಡುವುದು ಹೆರಿಗೆಗೆ ಸಂಬಂಧಪಟ್ಟ ಕಾರಣ ಇದ್ದರೆ ಮಾತ್ರ. ಡಿಸ್ಚಾರ್ಜ್ ಆಗುವಾಗ ಆಪರೇಷನ್ ನೋಟ್ಸ್, ಕೊಟ್ಟ ಔಷಧಗಳ ಪಟ್ಟಿ ಇಸಿದುಕೊಂಡು ತಾಯಿ ಕಾರ್ಡ್ ಜೊತೆ ಇಡಿ. ತೆಗೆದ ಅಪೆಂಡಿಕ್ಸನ್ನು ಲ್ಯಾಬಿಗೆ ಕಳಿಸಿರುತ್ತಾರೆ, ಅದರ ಬಯಾಪ್ಸಿ ರಿಪೋರ್ಟ್ ಕೆಲವು ದಿನ ಬಿಟ್ಟು ಬರುತ್ತದೆ. ಹೊಲಿಗೆ ತೆಗೆಸಲು ಹೋದಾಗ ಅದನ್ನೂ ಕೇಳಿ ತಗೊಳ್ಳಿ. ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತು ಅಂತ ಅದರಲ್ಲಿ ಬಂದರೆ, ನೋವಿಗೆ ಕಾರಣ ಏನಿತ್ತು ಅಂತ ಸರ್ಜನ್‌ರನ್ನೂ ಹೆರಿಗೆ ಡಾಕ್ಟರನ್ನೂ ಇಬ್ಬರನ್ನೂ ಕೇಳಬೇಕಾಗುತ್ತದೆ.